ಸಹಿ ಮತ್ತು ಸಮ್ಮತಿ: ಅಸಮಾನರ ಕರಾರಿನ ಚರಿತ್ರೆ

ಇಬ್ಬರು ಎದುರುಬದುರು ಕುಳಿತು, ಬೆಲೆಯನ್ನೂ ಅವಧಿಯನ್ನೂ ಚರ್ಚಿಸಿ, ಮನಸಾರೆ ಒಪ್ಪಿದ ಬಳಿಕ ಏರ್ಪಡುವುದೇ ಕರಾರು ಎಂಬುದು ನಮ್ಮೆಲ್ಲರ ಭಾವನೆ. ನ್ಯಾಯಶಾಸ್ತ್ರವೂ ಬಹುಕಾಲ ಹಾಗೆಯೇ ಭಾವಿಸಿತ್ತು. ಆದರೆ ಇಂದು ನಾವು ಸಹಿ ಹಾಕುವ ಕರಾರುಗಳಲ್ಲಿ ಹೀಗೆ ಹುಟ್ಟಿದವು ಎಷ್ಟು ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡಬೇಕು.

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಸಾಗುವ ಹೆದ್ದಾರಿಯ ಸಮೀಪದಲ್ಲಿ ಮಹಾಗಾಂವ ಇದೆ. ಇಂದು ಅದು ಕಮಲಾಪುರ ತಾಲೂಕಿನ ಗ್ರಾಮ. ಸುತ್ತಲಿನ ಎರೆಭೂಮಿ ತೊಗರಿಗೆ ಹೆಸರಾದುದು. ಕಮಲಾಪುರದ ಕೆಂಪು ಬಾಳೆಯೂ ಪ್ರಸಿದ್ಧವೇ. ಇಲ್ಲಿನ ಒಬ್ಬ ರೈತನ ಒಂದು ವರ್ಷವನ್ನು ಕಲ್ಪಿಸಿಕೊಳ್ಳೋಣ. ಮುಂಗಾರಿಗೆ ಮೊದಲು ಅವನು ಬೆಳೆಸಾಲದ ಅರ್ಜಿಗೆ ಹೆಬ್ಬೆಟ್ಟು ಒತ್ತುತ್ತಾನೆ. ಬೀಜದ ಚೀಲದ ಬೆನ್ನಿನ ಮೇಲೆ ಕಿರಿದಾದ ಅಕ್ಷರಗಳಲ್ಲಿ ಷರತ್ತುಗಳಿರುತ್ತವೆ. ಬೆಳೆವಿಮೆಗೆ ಒಂದು ನಮೂನೆ, ಟ್ರ್ಯಾಕ್ಟರಿನ ಕಂತಿಗೆ ಇನ್ನೊಂದು, ಮೊಬೈಲಿನಲ್ಲಿ ‘ಒಪ್ಪಿದ್ದೇನೆ’ ಎಂದು ಒತ್ತುವ ಗುಂಡಿ ಮತ್ತೊಂದು. ಕೊನೆಗೆ ತೊಗರಿಯನ್ನು ಪೇಟೆಗೆ ತಂದಾಗ ಅಡತಿ ಅಂಗಡಿಯ ರಿವಾಜು. ಇವುಗಳಲ್ಲಿ ಒಂದನ್ನೂ ಅವನು ಬರೆದಿಲ್ಲ, ಒಂದು ಪದವನ್ನೂ ತಿದ್ದಲಾರ. ಒಪ್ಪಬೇಕು, ಇಲ್ಲವೇ ಬಿಡಬೇಕು. ಬಿಟ್ಟರೆ ಬೇರೆ ಅಂಗಡಿಯಲ್ಲಿಯೂ ಅದೇ ಕಾಗದ.

ಒಂದು ಪಕ್ಷವು ಮೊದಲೇ ಅಚ್ಚು ಹಾಕಿಸಿ ಎಲ್ಲರ ಮುಂದೆ ಒಂದೇ ರೂಪದಲ್ಲಿ ಇಡುವ ಇಂಥ ಕರಾರಿಗೆ ಫ್ರಾನ್ಸಿನ ನ್ಯಾಯವಿದ್ವಾಂಸ ಸಾಲೇ ಎಂಬುವರು 1901ರಲ್ಲಿ ‘ಅಂಟಿಕೊಳ್ಳುವ ಕರಾರು’ ಎಂಬರ್ಥದ ಹೆಸರನ್ನಿತ್ತರು. ಇಲ್ಲಿ ದುರ್ಬಲನು ಕರಾರನ್ನು ಮಾಡುವುದಿಲ್ಲ, ಇನ್ನೊಬ್ಬನು ಮಾಡಿಟ್ಟ ಕರಾರಿಗೆ ಅಂಟಿಕೊಳ್ಳುತ್ತಾನೆ ಎಂಬುದು ಅವರ ಅಭಿಪ್ರಾಯ. ಹಾಗಾದರೆ ಅವನ ಸಹಿಯು ಅವನ ಸಮ್ಮತಿಯೇ? ಈ ಪ್ರಶ್ನೆಯ ಚರಿತ್ರೆಯನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪ್ರಾಚೀನರ ವಿವೇಕ

ಮಹಾಗಾಂವ ಇರುವ ಕಲಬುರಗಿ ಜಿಲ್ಲೆಯಲ್ಲಿಯೇ, ಸೇಡಂ ತಾಲೂಕಿನಲ್ಲಿ, ಮಳಖೇಡ ಇದೆ. ಅದುವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರ ಮಿಶ್ರಕವ್ಯವಹಾರ ಪ್ರಕರಣದಲ್ಲಿ ಅಸಲು, ಬಡ್ಡಿ, ಕಾಲ ಇವುಗಳ ಲೆಕ್ಕಗಳು ಹೇರಳವಾಗಿವೆ. ಸಾಲದ ವ್ಯವಹಾರವು ಅಂದಿನ ಬದುಕಿನಲ್ಲಿ ಎಷ್ಟು ಹಾಸುಹೊಕ್ಕಾಗಿತ್ತು ಎಂಬುದಕ್ಕೆ ಇದು ಸಾಕ್ಷಿ. ಬಡ್ಡಿಯ ಮಿತಿಯನ್ನೂ ನಮ್ಮ ಪೂರ್ವಿಕರು ಮರೆತಿರಲಿಲ್ಲ. ಒಮ್ಮೆಗೆ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಬಾರದೆಂಬ ‘ದಾಮ್‌ದುಪ್ಪಟ್’ ನಿಯಮವು ಧರ್ಮಶಾಸ್ತ್ರಗಳಿಂದ ಬಂದು, ಬ್ರಿಟಿಷರ ಕಾಲದ ಮುಂಬಯಿ ಪ್ರಾಂತದ ನ್ಯಾಯಾಲಯಗಳಲ್ಲಿಯೂ ಹಿಂದೂಗಳ ವಿಷಯದಲ್ಲಿ ಜಾರಿಯಲ್ಲಿತ್ತು. ಸಾಲಗಾರನು ಹೆಚ್ಚು ಕೊಡಲು ಒಪ್ಪಿ ಬರೆದುಕೊಟ್ಟಿದ್ದರೂ ಆ ಒಪ್ಪಿಗೆಗೆ ಅಲ್ಲಿ ಬೆಲೆಯಿರಲಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರವು ಇದೇ ವಿಷಯವನ್ನು ಎರಡು ಕಡೆಯಿಂದ ನೋಡಿದೆ. ಗುಟ್ಟಾಗಿ, ಮೋಸದಿಂದ ಅಥವಾ ಆರ್ತನಾದವನೊಡನೆ ಮಾಡಿದ ವ್ಯವಹಾರವು ನಿಲ್ಲದು ಎಂಬುದು ಒಂದು. ವರ್ತಕರು ಒಟ್ಟುಗೂಡಿ ಸರಕನ್ನು ತಡೆದು ಬೆಲೆಯನ್ನು ತಮ್ಮಿಚ್ಛೆಯಂತೆ ಏರಿಳಿಸಿದರೆ ಸಾವಿರ ಪಣಗಳ ದಂಡ ಎಂಬುದು ಇನ್ನೊಂದು. ಮೊದಲನೆಯದು ಕರಾರಿನ ನ್ಯಾಯ. ಎರಡನೆಯದು ಪೇಟೆಯ ನ್ಯಾಯ. ಇಂದಿನ ರಾಷ್ಟ್ರಗಳ ಕಾಯಿದೆಗಳೂ ಈ ಎರಡು ದಾರಿಗಳಲ್ಲಿಯೇ ನಡೆದಿವೆ.

ಸಮ್ಮತಿಯ ಪ್ರಶ್ನೆಯನ್ನು ಅತ್ಯಂತ ಸೂಕ್ಷ್ಮವಾಗಿ ಬಿಡಿಸಿದವರು ಪೂಜ್ಯಪಾದಾಚಾರ್ಯರೆಂದು ಹೇಳಬಹುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ‘ನ್ಯಾಸಾಪಹಾರ’ವನ್ನು ಹೇಳುತ್ತದೆ. ಸರ್ವಾರ್ಥಸಿದ್ಧಿಯು ಅದನ್ನು ವಿವರಿಸುವ ರೀತಿ ಗಮನಾರ್ಹ. ಒಬ್ಬನು ಹಣವನ್ನು ನಂಬಿಕೆಯಿಂದ ಇಟ್ಟು, ಕಾಲಾಂತರದಲ್ಲಿ ಎಷ್ಟು ಇಟ್ಟೆನೆಂಬುದನ್ನು ಮರೆತು, ಕಡಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ಹೌದೆಂದು ಅಷ್ಟನ್ನೇ ಕೊಟ್ಟುಬಿಡುತ್ತಾನೆ. ಇಲ್ಲಿ ಬಲಾತ್ಕಾರವಿಲ್ಲ, ಕೇಳಿದವನೇ ಕಡಮೆ ಕೇಳಿದ್ದಾನೆ. ಆದರೂ ಅದು ವ್ರತಕ್ಕೆ ಕಳಂಕ. ಅಸ್ತೇಯಾಣುವ್ರತದ ‘ವಿರುದ್ಧರಾಜ್ಯಾತಿಕ್ರಮ’ವನ್ನು ವಿವರಿಸುವಾಗಲೂ, ರಾಜ್ಯದಲ್ಲಿ ವ್ಯವಸ್ಥೆ ಕೆಟ್ಟಿರುವಾಗ ಬಹುಮೌಲ್ಯದ ವಸ್ತುಗಳನ್ನು ಅಲ್ಪಬೆಲೆಗೆ ಪಡೆಯಲು ಯತ್ನಿಸುವುದನ್ನು ಆಚಾರ್ಯರು ದೋಷವೆಂದಿದ್ದಾರೆ. ಎದುರಿನವನ ಅಜ್ಞಾನವನ್ನೋ ಅಸಹಾಯಕತೆಯನ್ನೋ ತನ್ನ ಲಾಭಕ್ಕೆ ಬಳಸಿಕೊಂಡರೆ, ಅವನ ಒಪ್ಪಿಗೆಯು ವ್ಯವಹಾರವನ್ನು ಶುದ್ಧಗೊಳಿಸಲಾರದು ಎಂಬ ತತ್ತ್ವ ಇದರಿಂದ ದೊರೆಯುತ್ತದೆ.

ನಿಜಾಮ್ ಸಂಸ್ಥಾನದ ಅನುಭವ

1948ರವರೆಗೆ ಮಹಾಗಾಂವ ಹಾಗೂ ಗುಲ್ಬರ್ಗಾ ಜಿಲ್ಲೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದಲ್ಲಿ, ವಿಶೇಷವಾಗಿ ತೆಲಂಗಾಣ ಭಾಗದಲ್ಲಿ, ‘ಭಾಗೇಲಾ’ ಎಂಬ ಪದ್ಧತಿಯಿತ್ತು. ಕನ್ನಡಿಗರು ಇಂಥದನ್ನು ಜೀತ ಎನ್ನುತ್ತಾರೆ. ಮದುವೆಗೋ ಬರಗಾಲದ ಹೊಟ್ಟೆಗೋ ಸಾಲ ಪಡೆದವನು ಸಾಲ ತೀರುವವರೆಗೆ ಧಣಿಯ ಹೊಲದಲ್ಲಿ ದುಡಿಯಲು ಒಪ್ಪುತ್ತಿದ್ದ. ಕೂಲಿಯು ಬಡ್ಡಿಗೇ ಸಾಲದೆ, ಸಾಲವು ತಂದೆಯಿಂದ ಮಗನಿಗೆ ಇಳಿದುಬರುತ್ತಿತ್ತು. ಕಾಗದದ ಮೇಲೆ ಅದೂ ಒಂದು ಕರಾರೇ, ಅದಕ್ಕೂ ಹೆಬ್ಬೆಟ್ಟಿನ ಗುರುತಿತ್ತು. ಇದನ್ನು ಹತೋಟಿಗೆ ತರಲು ಸಂಸ್ಥಾನವು 1936ರಲ್ಲಿ ಭಾಗೇಲಾ ಕರಾರುಗಳ ನಿಬಂಧನೆಯನ್ನು ಹೊರಡಿಸಿತು. ಆದರೆ ಪದ್ಧತಿಯು ಬೇರುಸಹಿತ ಹೋಗಲಿಲ್ಲ. 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯು ದೇಶದ ನಾನಾ ಭಾಗಗಳ ಇಂಥ ಪದ್ಧತಿಗಳನ್ನು ಪಟ್ಟಿ ಮಾಡುವಾಗ ‘ಭಾಗೇಲಾ’ ಮತ್ತು ‘ಜೀತ’ ಎರಡನ್ನೂ ಹೆಸರಿಸಿ, ಆ ಸಾಲಗಳನ್ನೇ ರದ್ದುಗೊಳಿಸಬೇಕಾಯಿತು.

ಗುಲ್ಬರ್ಗಾಕ್ಕೆ ಹೊಂದಿಕೊಂಡ ಸೊಲ್ಲಾಪುರ ಜಿಲ್ಲೆ ಬ್ರಿಟಿಷರದು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ರೈತರು ಸಾವುಕಾರರ ಮೇಲೆ ಎದ್ದರು. ಅವರು ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು. ಇದರ ಫಲವಾಗಿ ಬಂದ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದ್‌ನಗರ ಜಿಲ್ಲೆಗಳಲ್ಲಿ ಜಾರಿಗೆ ಬಂದಿತು. ಪತ್ರದಲ್ಲಿ ಬರೆದಿರುವುದನ್ನಷ್ಟೇ ನೋಡಿ ತೀರ್ಪು ಕೊಡದೆ, ಆ ಸಾಲದ ಮೂಲದಿಂದ ಕೊನೆಯವರೆಗಿನ ವೃತ್ತಾಂತವನ್ನು ನ್ಯಾಯಾಧೀಶನು ವಿಚಾರಿಸಬೇಕೆಂದು ಅದು ವಿಧಿಸಿತು. ಸಹಿಯ ಹಿಂದೆ ಏನಿದೆಯೆಂದು ನೋಡುವ ಅಧಿಕಾರವು ನಮ್ಮ ಸೀಮೆಯ ಪಕ್ಕದಲ್ಲಿಯೇ ನೂರನಲವತ್ತು ವರ್ಷಗಳ ಹಿಂದೆ ನ್ಯಾಯಾಲಯಕ್ಕೆ ದೊರೆತಿತ್ತು.

ಸಾಲದ ಕಥೆ ಹೀಗಾದರೆ, ಪೇಟೆಯ ಕಥೆ ಇನ್ನೊಂದು ಬಗೆಯದು. ಹಿಂದಿನ ಪೇಟೆಗಳಲ್ಲಿ ಬೆಲೆಯು ಬಾಯಿಂದ ಹೊರಡುತ್ತಿರಲಿಲ್ಲ. ದಲಾಲನೂ ಖರೀದಿದಾರನೂ ವಸ್ತ್ರದ ಕೆಳಗೆ ಕೈಬೆರಳುಗಳನ್ನು ಹಿಡಿದು ದರ ಕುದುರಿಸುತ್ತಿದ್ದರು. ಮಾಲಿನ ಒಡೆಯನಾದ ರೈತನು ಪಕ್ಕದಲ್ಲಿ ನಿಂತು ನೋಡುತ್ತಿದ್ದನು. ಆಮೇಲೆ ಹಣ ಎಣಿಸುವಾಗ ಅಡತಿ, ಹಮಾಲಿ, ತೂಕ, ಕಸಕಡ್ಡಿ, ಧರ್ಮಾದಾಯ ಎಂದು ನಾನಾ ಕಡಿತಗಳು. ಧರ್ಮದ ಹೆಸರಿನ ಕಡಿತವನ್ನೂ ರೈತನ ಒಪ್ಪಿಗೆಯಿಲ್ಲದೆಯೇ ಮುರಿದುಕೊಳ್ಳುತ್ತಿದ್ದರೆಂಬುದು ನಾವು ವಿಶೇಷವಾಗಿ ಯೋಚಿಸಬೇಕಾದ ಸಂಗತಿ. 1928ರಲ್ಲಿ ವರದಿಯನ್ನೊಪ್ಪಿಸಿದ ರಾಜಕೀಯ ಕೃಷಿ ಆಯೋಗವು ನಿಯಂತ್ರಿತ ಮಾರುಕಟ್ಟೆಗಳನ್ನು ಸ್ಥಾಪಿಸಬೇಕೆಂದು ಶಿಫಾರಸು ಮಾಡಿತು. ಹೈದರಾಬಾದ್ ಸಂಸ್ಥಾನವು 1930ರಲ್ಲಿ, ಫಸಲಿ 1339ರಲ್ಲಿ, ಕೃಷಿ ಮಾರುಕಟ್ಟೆಗಳ ಕಾಯಿದೆಯನ್ನು ಮಾಡಿತು. ಮದರಾಸು ಪ್ರಾಂತದಲ್ಲಿ 1933ರಲ್ಲಿ, ಮುಂಬಯಿ ಪ್ರಾಂತ ಮತ್ತು ಮೈಸೂರು ಸಂಸ್ಥಾನಗಳಲ್ಲಿ 1939ರಲ್ಲಿ ಇಂಥ ಕಾಯಿದೆಗಳಾದವು. 1956ರ ಏಕೀಕರಣದ ನಂತರ, ಈ ಬೇರೆಬೇರೆ ಕಾಯಿದೆಗಳ ಸ್ಥಾನದಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ 1966ರ ಕಾಯಿದೆ ಬಂದಿತು. ಬಹಿರಂಗ ಹರಾಜು, ಪರವಾನಗಿ, ಸರಿಯಾದ ತೂಕ, ನಿಗದಿಯಾದುದಲ್ಲದೆ ಬೇರೆ ಕಡಿತವಿಲ್ಲದಿರುವುದು ಇಂಥ ವ್ಯವಸ್ಥೆಯ ಜೀವಾಳ. ಕರಾರಿನ ಷರತ್ತನ್ನೂ ಪೇಟೆಯ ಸ್ಪರ್ಧೆಯನ್ನೂ ಒಂದೇ ಕಾಯಿದೆಯಲ್ಲಿ ಕಾಪಾಡುವ ಈ ಪ್ರಯತ್ನವು ಅಂದಿನ ಕಾಲಕ್ಕೆ ಸಣ್ಣದೇನಲ್ಲ.

1872ರ ಕಾಯಿದೆಯ ಮಿತಿ

ಬ್ರಿಟಿಷ್ ಭಾರತಕ್ಕೆ 1872ರಲ್ಲಿ ಕರಾರು ಕಾಯಿದೆ ದೊರೆಯಿತು. ಇಂದಿಗೂ ನಮ್ಮ ವ್ಯವಹಾರಗಳಿಗೆ ಅದೇ ಆಧಾರ. ಅದರ 16ನೆಯ ಕಲಮು ಅನುಚಿತ ಪ್ರಭಾವದಿಂದ ಪಡೆದ ಒಪ್ಪಿಗೆಯನ್ನು ಮಾನ್ಯ ಮಾಡುವುದಿಲ್ಲ. ಆದರೆ ಕರಾರು ಅನ್ಯಾಯದ್ದೆಂದು ತೋರಿಸಿದರೆ ಸಾಲದು. ಎದುರಿನವನು ತನ್ನ ಮನಸ್ಸನ್ನು ಆಳುವ ಸ್ಥಾನದಲ್ಲಿದ್ದನೆಂದು ಮೊದಲು ಸಾಧಿಸಬೇಕೆಂದು ಪ್ರಿವಿ ಕೌನ್ಸಿಲ್ 1920ರ ದಶಕದಲ್ಲಿ ಹೇಳಿತು. ಬಡ್ಡಿಯ ದರ ಎಷ್ಟೇ ಭಾರವಾಗಿರಲಿ, ಅದೊಂದೇ ಕಾರಣ ಸಾಲದಾಯಿತು.

27ನೆಯ ಕಲಮು ವ್ಯಾಪಾರವನ್ನು ತಡೆಯುವ ಕರಾರುಗಳನ್ನು ಶೂನ್ಯವೆನ್ನುತ್ತದೆ. 1874ರಲ್ಲಿ ಕಲಕತ್ತೆಯ ಉಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ವ್ಯಾಜ್ಯದಲ್ಲಿ, ಪಾತ್ರೆ ವ್ಯಾಪಾರಿಯೊಬ್ಬನು ನೆರೆಯ ಪ್ರತಿಸ್ಪರ್ಧಿಗೆ, ಆ ಬಡಾವಣೆಯಲ್ಲಿ ಅಂಗಡಿಯನ್ನು ಮುಚ್ಚಿದರೆ 900 ರೂಪಾಯಿ ಕೊಡುವೆನೆಂದು ಒಪ್ಪಿದ್ದನು. ಅಂಗಡಿ ಮುಚ್ಚಿತು, ಹಣ ಬರಲಿಲ್ಲ. ಅಂಥ ಕರಾರನ್ನು ಜಾರಿಗೊಳಿಸಲು ನ್ಯಾಯಾಲಯ ನಿರಾಕರಿಸಿತು. ಸ್ಪರ್ಧೆಯು ಇಬ್ಬರ ಖಾಸಗಿ ಸ್ವತ್ತಲ್ಲ, ಅದರಲ್ಲಿ ಗಿರಾಕಿಗಳ ಹಿತವೂ ಅಡಗಿದೆ ಎಂಬ ಅರಿವು ಈ ಕಲಮಿನ ಹಿಂದೆ ಇದೆ. ಆದರೆ ಅಚ್ಚಿನ ಕಾಗದದ ಷರತ್ತುಗಳ ಬಗ್ಗೆ ಈ ಕಾಯಿದೆಯು ಪ್ರತ್ಯೇಕವಾಗಿ ಏನನ್ನೂ ಹೇಳಲಿಲ್ಲ.

ಅನ್ಯದೇಶಗಳ ಮಾರ್ಗ

ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ರೈಲಿನೊಡನೆ ಬಂದಿತು. ನಿಲ್ದಾಣದ ಸಾಮಾನು ಕೋಣೆಯಲ್ಲಿ ಚೀಲವಿಟ್ಟು ಚೀಟಿ ಪಡೆದವನು, ಚೀಟಿಯ ಬೆನ್ನಿನ ಷರತ್ತಿಗೆ ಬದ್ಧನೇ? 1877ರ ಪಾರ್ಕರ್ ಮೊಕದ್ದಮೆಯಲ್ಲಿ ನ್ಯಾಯಾಲಯವು, ಷರತ್ತಿನ ಕಡೆಗೆ ಗಮನ ಸೆಳೆಯಲು ಕಂಪನಿಯು ತಕ್ಕಷ್ಟು ಮಾಡಿದ್ದರೆ, ಓದದಿದ್ದರೂ ಬದ್ಧ ಎಂದಿತು. ಅಲ್ಲಿಂದ ಮುಂದೆ ಶತಮಾನ ಕಾಲ ವಕೀಲರ ವಾದವೆಲ್ಲ ಅಕ್ಷರದ ಗಾತ್ರ, ಫಲಕದ ಸ್ಥಳಗಳ ಸುತ್ತಲೇ ತಿರುಗಿತು. 1977ರ ಕಾಯಿದೆಯು ಷರತ್ತಿನ ಒಳತಿರುಳನ್ನೇ ವ್ಯಾಪಕವಾಗಿ ಮುಟ್ಟಿತು. ಅಜಾಗರೂಕತೆಯಿಂದ ಸಾವುನೋವು ಸಂಭವಿಸಿದಾಗ ಹೊಣೆಯಿಲ್ಲವೆಂದು ಬರೆದುಕೊಳ್ಳುವುದು ನಿಷಿದ್ಧವಾಯಿತು. ಹೊಣೆಯನ್ನು ಕಳಚಿಕೊಳ್ಳುವ ಬೇರೆ ಹಲವು ಷರತ್ತುಗಳು ಸಮಂಜಸವಾಗಿದ್ದರೆ ಮಾತ್ರ ನಿಲ್ಲುವಂತಾಯಿತು.

ಅಮೆರಿಕದಲ್ಲಿ 1965ರ ಒಂದು ತೀರ್ಪು ಪ್ರಸಿದ್ಧವಾಗಿದೆ. ವಾಷಿಂಗ್ಟನ್ ನಗರದ ಪೀಠೋಪಕರಣದ ಅಂಗಡಿಯೊಂದು ಬಡವರಿಗೆ ಕಂತಿನ ಮೇಲೆ ಸಾಮಾನು ಕೊಡುತ್ತಿತ್ತು. ಎಲ್ಲ ಸಾಮಾನುಗಳ ಬಾಕಿಯೂ ಪೂರ್ಣವಾಗಿ ತೀರುವವರೆಗೆ ಯಾವ ಸಾಮಾನೂ ಕೊಂಡವಳ ಸ್ವಂತದ್ದಾಗದಂತೆ ಷರತ್ತು ಹೆಣೆಯಲಾಗಿತ್ತು. ಕೊನೆಯ ಸಾಮಾನಿನ ಕಂತು ತಪ್ಪಿದಾಗ ಹಿಂದೆ ಕೊಂಡವೆಲ್ಲವನ್ನೂ ಅಂಗಡಿ ಮರಳಿ ಕೇಳಿತು. ಆಯ್ಕೆಯೇ ಇಲ್ಲದವರ ಮೇಲೆ ಹೇರಿದ, ಇನ್ನೊಬ್ಬರಿಗೆ ಅತಿಯಾಗಿ ಅನುಕೂಲವಾದ ಇಂಥ ಷರತ್ತು ಅಂತಃಕರಣಕ್ಕೆ ವಿರುದ್ಧವಾಗಿದ್ದರೆ ಅದನ್ನು ಜಾರಿಗೊಳಿಸಲಾಗದು ಎಂದು ನ್ಯಾಯಾಲಯ ಹೇಳಿತು. ತೀರದ ಸಾಲದ ಈ ತಂತ್ರವನ್ನು ಭಾಗೇಲಾ ಕಂಡವರು ಕೂಡಲೇ ಗುರುತಿಸಬಲ್ಲರು.

ಇಸ್ರೇಲ್ 1964ರಲ್ಲಿ ಈ ವಿಷಯಕ್ಕೇ ಮೀಸಲಾದ ಕಾಯಿದೆಯನ್ನು ಮಾಡಿ, ಅಚ್ಚಿನ ಕರಾರಿನ ನಿರ್ಬಂಧಕ ಷರತ್ತುಗಳಿಗೆ ಮುಂಚಿತವಾಗಿ ಮಂಜೂರಾತಿ ಪಡೆಯುವ ಏರ್ಪಾಡು ಕಲ್ಪಿಸಿತು. ಜರ್ಮನಿಯ ಕಾಯಿದೆ 1977ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಎಂದಿಗೂ ಸಲ್ಲದ ಷರತ್ತುಗಳು, ಸಂದರ್ಭ ನೋಡಿ ನಿರ್ಣಯಿಸಬೇಕಾದ ಷರತ್ತುಗಳು ಎಂದು ಅದು ಎರಡು ಪಟ್ಟಿಗಳನ್ನು ಕೊಟ್ಟಿತು. ಗ್ರಾಹಕರ ಸಂಘಗಳಿಗೂ ದಾವೆ ಹೂಡುವ ಹಕ್ಕನ್ನಿತ್ತಿತು. 2002ರಲ್ಲಿ ಈ ನಿಯಮಗಳು ಆ ದೇಶದ ಪೌರಸಂಹಿತೆಯಲ್ಲಿಯೇ ಸೇರಿದವು. 1993ರ ನಿರ್ದೇಶದ ಮೂಲಕ ಐರೋಪ್ಯ ಒಕ್ಕೂಟದ ಎಲ್ಲ ರಾಷ್ಟ್ರಗಳಿಗೂ ಗ್ರಾಹಕರ ಮಟ್ಟಿಗೆ ಇಂಥ ರಕ್ಷಣೆ ಹಬ್ಬಿತು.

ಇವೆಲ್ಲ ಕರಾರಿನ ನ್ಯಾಯದ ದಾರಿ. ಪೇಟೆಯ ನ್ಯಾಯದ ದಾರಿಯೂ ಜೊತೆಯಲ್ಲಿಯೇ ಬೆಳೆಯಿತು. ಅಮೆರಿಕದ 1890ರ ಷೆರ್ಮನ್ ಕಾಯಿದೆಯಿಂದ ಮೊದಲ್ಗೊಂಡು ಏಕಸ್ವಾಮ್ಯವನ್ನು ಮುರಿಯುವ ಕಾಯಿದೆಗಳು ಒಂದು ಸರಳವಾದ ನಂಬಿಕೆಯ ಮೇಲೆ ನಿಂತಿವೆ. ಪಕ್ಕದಲ್ಲಿ ಇನ್ನೊಂದು ಅಂಗಡಿ ನಿಜವಾಗಿಯೂ ತೆರೆದಿದ್ದರೆ ಕೆಟ್ಟ ಷರತ್ತು ತಾನಾಗಿಯೇ ಉದುರಿಹೋಗುತ್ತದೆ ಎಂಬುದು ಆ ನಂಬಿಕೆ. ಆದರೆ ಎಲ್ಲ ಅಂಗಡಿಗಳೂ ಒಂದೇ ಕಾಗದವನ್ನು ಅಚ್ಚು ಹಾಕಿಸಿದ್ದರೆ ಏನು ಗತಿ? ಕಾಗದವನ್ನು ಯಾರೂ ಓದದಿದ್ದರೆ ಸ್ಪರ್ಧೆ ಯಾವುದರಲ್ಲಿ ನಡೆಯಬೇಕು? ಈ ಕಾರಣದಿಂದ ಎರಡು ದಾರಿಗಳೂ ಇತ್ತೀಚೆಗೆ ಒಂದಾಗುತ್ತಿವೆ. ಜರ್ಮನಿಯ ಸ್ಪರ್ಧಾ ಪ್ರಾಧಿಕಾರವು 2019ರಲ್ಲಿ, ಜನರ ಖಾಸಗಿ ಮಾಹಿತಿಯನ್ನು ಒಟ್ಟುಗೂಡಿಸಲು ಫೇಸ್‌ಬುಕ್ ವಿಧಿಸಿದ್ದ ಷರತ್ತುಗಳನ್ನೇ ಪ್ರಾಬಲ್ಯದ ದುರುಪಯೋಗವೆಂದು ಘೋಷಿಸಿತು. ಆಸ್ಟ್ರೇಲಿಯಾದಲ್ಲಿ ಸ್ಪರ್ಧೆಯನ್ನು ಕಾಯುವ ಆಯೋಗವೇ ಅನ್ಯಾಯದ ಷರತ್ತುಗಳ ಮೇಲೂ ಕಣ್ಣಿಡುತ್ತದೆ. ಅಲ್ಲಿ 2016ರಿಂದ ಸಣ್ಣ ಉದ್ದಿಮೆದಾರರಿಗೂ ಈ ರಕ್ಷಣೆಯುಂಟು, 2023ರಿಂದ ಅಂಥ ಷರತ್ತು ಬರೆದವರಿಗೆ ದಂಡವೂ ಉಂಟು.

ಸ್ವತಂತ್ರ ಭಾರತದಲ್ಲಿ

ನಮ್ಮ ದೇಶದಲ್ಲಿ ಕಾನೂನು ಆಯೋಗವು 1984ರ ತನ್ನ 103ನೆಯ ವರದಿಯಲ್ಲಿ, ಕರಾರು ಕಾಯಿದೆಗೆ ಅನ್ಯಾಯದ ಷರತ್ತುಗಳನ್ನು ಕುರಿತ ಹೊಸ ಕಲಮನ್ನು ಸೇರಿಸಬೇಕೆಂದು ಶಿಫಾರಸು ಮಾಡಿತು. 2006ರ 199ನೆಯ ವರದಿಯಲ್ಲಿ ಪ್ರತ್ಯೇಕ ಮಸೂದೆಯನ್ನೇ ರಚಿಸಿಕೊಟ್ಟಿತು. ಎರಡೂ ಕಾಯಿದೆಯ ರೂಪ ತಾಳಲಿಲ್ಲ. ಈ ನಡುವೆ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ, ಕಾರಣ ಹೇಳದೆ ನೌಕರನನ್ನು ಕಳುಹಿಸಬಹುದೆಂಬ ಸರ್ಕಾರಿ ನಿಗಮವೊಂದರ ನಿಯಮವನ್ನು ತಳ್ಳಿಹಾಕಿ, ಚೌಕಾಸಿಯ ಶಕ್ತಿಯಲ್ಲಿ ಸಮಾನರಲ್ಲದವರ ನಡುವಿನ ಅನ್ಯಾಯದ ಕರಾರು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಸಾರಿತು.

ಸಂಸತ್ತು ಬೇರೆ ಬಾಗಿಲುಗಳಿಂದ ಬಂದಿತು. 1969ರ ಏಕಸ್ವಾಮ್ಯ ಕಾಯಿದೆಯ ಸ್ಥಾನದಲ್ಲಿ 2002ರ ಸ್ಪರ್ಧಾ ಕಾಯಿದೆ ನಿಂತಿತು. ಅದರ 4ನೆಯ ಕಲಮಿನಂತೆ, ಪ್ರಬಲ ಸಂಸ್ಥೆಯು ಅನ್ಯಾಯದ ಷರತ್ತನ್ನು ಹೇರುವುದು ನಿಷಿದ್ಧ. 2011ರಲ್ಲಿ ಸ್ಪರ್ಧಾ ಆಯೋಗವು ಗುಡಗಾಂವದ ವಸತಿ ಸಂಕೀರ್ಣವೊಂದರ ಏಕಪಕ್ಷೀಯ ಕರಾರಿಗಾಗಿ ಡಿಎಲ್‌ಎಫ್ ಸಂಸ್ಥೆಗೆ 630 ಕೋಟಿ ರೂಪಾಯಿ ದಂಡ ವಿಧಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ‘ಅನ್ಯಾಯದ ಕರಾರು’ ಎಂಬುದನ್ನು ಮೊದಲ ಬಾರಿಗೆ ವಿವರಿಸಿತು. ಅತಿಯಾದ ಠೇವಣಿ, ನಷ್ಟಕ್ಕೆ ಮೀರಿದ ದಂಡ, ಸಾಲವನ್ನು ಮೊದಲೇ ತೀರಿಸಲು ಬಿಡದಿರುವುದು, ಕಾರಣವಿಲ್ಲದೆ ಒಬ್ಬರೇ ಕರಾರನ್ನು ಮುರಿಯುವ ಹಕ್ಕು ಮೊದಲಾದವು ಅದರಲ್ಲಿ ಸೇರಿವೆ. ಆದರೆ ಇಂಥ ದೂರನ್ನು ಜಿಲ್ಲಾ ಆಯೋಗಕ್ಕೆ ಕೊಡುವಂತಿಲ್ಲ; ರಾಜ್ಯ ಆಯೋಗಕ್ಕೋ ರಾಷ್ಟ್ರೀಯ ಆಯೋಗಕ್ಕೋ ಹೋಗಬೇಕು.

ಮಾರುವವನ ಪಾಡು

ಈಗ ಮಹಾಗಾಂವದ ರೈತನನ್ನು ಮತ್ತೆ ನೆನೆಯೋಣ. ಬೀಜ ಕೊಳ್ಳುವಾಗ ಅವನು ಗ್ರಾಹಕ. ಬೀಜ ಮೊಳೆಯದಿದ್ದರೆ ರೈತನು ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ಆದರೆ ಅದೇ ರೈತನು ತೊಗರಿ ಮಾರಲು ನಿಂತಾಗ ಗ್ರಾಹಕನಲ್ಲ. 2019ರ ಕಾಯಿದೆ ಅವನ ಕೈ ಹಿಡಿಯದು. ಸ್ಪರ್ಧಾ ಕಾಯಿದೆಯು ಪ್ರಬಲ ಸಂಸ್ಥೆಯನ್ನೋ ವರ್ತಕರ ಒಳಸಂಚನ್ನೋ ಹಿಡಿಯಬಲ್ಲದು. ಆದರೆ ಒಂದು ಅಡತಿ ಅಂಗಡಿಯು ಕಾಯಿದೆಯ ಅರ್ಥದಲ್ಲಿ ಪ್ರಬಲವೆನಿಸುವುದು ಅಪರೂಪ. ಹಂಗಾಮಿನಲ್ಲಿ ಮುಂಗಡ ಕೊಟ್ಟ ಅಂಗಡಿಗೇ ಮಾಲನ್ನು ತರಬೇಕೆಂಬ ಬಾಯಿಮಾತಿನ ಕಟ್ಟು ಇರುವಲ್ಲಿ, ಹರಾಜು ಎಷ್ಟೇ ಬಹಿರಂಗವಾಗಿದ್ದರೂ ರೈತನ ಪಾಲಿಗೆ ಇನ್ನೊಂದು ಅಂಗಡಿ ತೆರೆದಿಲ್ಲ. ಕರ್ನಾಟಕವು 2014ರಿಂದ ಮಾರುಕಟ್ಟೆಗಳನ್ನು ಗಣಕಯಂತ್ರದ ಮೂಲಕ ಬೆಸೆದು, ದೂರದ ಖರೀದಿದಾರರೂ ದರ ನಮೂದಿಸುವಂತೆ ಮಾಡಿದ್ದು ಒಳ್ಳೆಯ ಹೆಜ್ಜೆ. ಸಾಲದ ಕಟ್ಟನ್ನು ಬಿಡಿಸುವುದು ಅದರಿಂದ ಮಾತ್ರ ಆಗದು.

2020ರ ಮೂರು ಕೇಂದ್ರ ಕೃಷಿ ಕಾಯಿದೆಗಳ ವಿವಾದದಲ್ಲಿಯೂ ಇದೇ ಪ್ರಶ್ನೆ ಅಡಗಿತ್ತು. ಖರೀದಿದಾರರು ಹೆಚ್ಚಿದರೆ ರೈತನಿಗೆ ಆಯ್ಕೆ ಹೆಚ್ಚುತ್ತದೆ ಎಂಬುದು ಬೆಂಬಲಿಸಿದವರ ವಾದ. ದೊಡ್ಡ ಸಂಸ್ಥೆಯೊಡನೆ ಮಾಡಿಕೊಂಡ ಬೇಸಾಯದ ಕರಾರು ಮುರಿದರೆ, ಸಿವಿಲ್ ನ್ಯಾಯಾಲಯದ ಬಾಗಿಲು ಮುಚ್ಚಿ ಉಪವಿಭಾಗಾಧಿಕಾರಿಯ ಬಳಿಗೆ ಹೋಗಬೇಕಾಗುವುದಲ್ಲ ಎಂಬುದು ವಿರೋಧಿಸಿದವರ ಆತಂಕ. 2021ರಲ್ಲಿ ಆ ಕಾಯಿದೆಗಳು ರದ್ದಾದವು; ಪ್ರಶ್ನೆ ಮಾತ್ರ ಉಳಿಯಿತು. ಐರೋಪ್ಯ ಒಕ್ಕೂಟವು 2019ರಲ್ಲಿ ಮಾರುವ ರೈತನಿಗಾಗಿಯೇ ಒಂದು ನಿರ್ದೇಶವನ್ನು ಹೊರಡಿಸಿದೆ. ಬೇಗ ಕೆಡುವ ಫಲಗಳ ಹಣವನ್ನು 30 ದಿನಗಳೊಳಗೆ ಕೊಡಬೇಕು, ಕೊನೆಯ ಗಳಿಗೆಯಲ್ಲಿ ಖರೀದಿಯನ್ನು ರದ್ದುಮಾಡಬಾರದು ಎಂಬುವು ಅದರ ನಿಯಮಗಳು. ಕಮಲಾಪುರದ ಬಾಳೆ ಬೆಳೆಗಾರನಿಗೆ ಇವುಗಳ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಹಣ್ಣಾದ ಗೊನೆ ಚೌಕಾಸಿಗೆ ಕಾಯುವುದಿಲ್ಲ.

ನಮ್ಮ ಸಂಸ್ಥೆಗಳ ಕರ್ತವ್ಯ

ಈ ಚರಿತ್ರೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕರಾರಿನ ನ್ಯಾಯ ಮತ್ತು ಪೇಟೆಯ ನ್ಯಾಯ ಒಂದೇ ಬಂಡಿಯ ಎರಡು ಗಾಲಿಗಳು. ಆಯ್ಕೆಯಿಲ್ಲದೆಡೆ ಸಹಿಯು ಸಮ್ಮತಿಯಾಗದು. ಆಯ್ಕೆಯಿದ್ದರೂ ಅರಿವಿಲ್ಲದೆಡೆ ಸಮ್ಮತಿಯಾಗದು. ಕಾಯಿದೆಗಳು ಇದನ್ನು ತಡವಾಗಿ, ತುಂಡುತುಂಡಾಗಿ ಕಲಿತಿವೆ. ಕಾಯಿದೆ ಮುಟ್ಟದ ಎಡೆಯಲ್ಲಿ ಉಳಿಯುವುದು ಬರೆಯುವವನ ಆತ್ಮಸಾಕ್ಷಿ ಒಂದೇ.

ನಮ್ಮ ಸಮಾಜದಲ್ಲಿ ಅನೇಕರು ವರ್ತಕರು. ನಮ್ಮ ಬಸದಿಗಳ ಟ್ರಸ್ಟುಗಳು ಮಳಿಗೆಗಳನ್ನು ಬಾಡಿಗೆಗೆ ಕೊಡುತ್ತವೆ, ಕಲ್ಯಾಣಮಂಟಪಗಳನ್ನು ನಡೆಸುತ್ತವೆ, ವಿದ್ಯಾರ್ಥಿಗಳಿಗೆ ಸಾಲ ಕೊಡುತ್ತವೆ. ಅಂದರೆ ನಾವು ಕಾಗದಕ್ಕೆ ಸಹಿ ಹಾಕುವವರು ಮಾತ್ರವಲ್ಲ, ಕಾಗದವನ್ನು ಅಚ್ಚು ಹಾಕಿಸುವವರೂ ಹೌದು. ಮದುವೆ ನಿಂತುಹೋದ ಮನೆಯವರ ಮುಂಗಡವನ್ನು ಯಾವ ಕಾರಣಕ್ಕೂ ಹಿಂದಿರುಗಿಸುವುದಿಲ್ಲ ಎಂದು ನಮ್ಮ ರಸೀದಿಯಲ್ಲಿ ಬರೆದಿದ್ದರೆ, ಅದು ನ್ಯಾಯವೇ? ಮುರಿದ ಕರಾರಿಗೆ ಪತ್ರದಲ್ಲಿ ಎಷ್ಟೇ ದಂಡ ಬರೆದಿದ್ದರೂ ಸಮಂಜಸವಾದ ಪರಿಹಾರವಷ್ಟೇ ಸಲ್ಲುತ್ತದೆಂದು 1872ರ ಕಾಯಿದೆಯ 74ನೆಯ ಕಲಮೇ ಹೇಳುತ್ತದೆ. ಅದೇ ದಿನಕ್ಕೆ ಬೇರೊಬ್ಬರಿಂದ ಬಾಡಿಗೆ ಬಂದಿದ್ದರೆ ಟ್ರಸ್ಟಿಗೆ ಆದ ನಷ್ಟವಾದರೂ ಏನು?

ಪ್ರತಿಯೊಂದು ಟ್ರಸ್ಟೂ ವರ್ಷಕ್ಕೊಮ್ಮೆ ತನ್ನ ನಮೂನೆಗಳನ್ನು ಮುಂದಿಟ್ಟುಕೊಂಡು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಇದು ಸಹಿ ಹಾಕುವವನಿಗೆ ತಿಳಿಯುವ ಕನ್ನಡದಲ್ಲಿದೆಯೇ? ದಂಡದ ಷರತ್ತು ಉಳಿದವುಗಳಷ್ಟೇ ದೊಡ್ಡ ಅಕ್ಷರದಲ್ಲಿದೆಯೇ? ಅವರು ತಪ್ಪಿದರೆ ಇಷ್ಟು ಎಂದಿರುವಂತೆ, ನಾವು ತಪ್ಪಿದರೆ ಇಷ್ಟು ಎಂದೂ ಇದೆಯೇ? ಓದು ಬಾರದವರಿಗೆ ಇದನ್ನು ಓದಿ ಹೇಳುವವರು ಕಚೇರಿಯಲ್ಲಿದ್ದಾರೆಯೇ? ಮರೆತು ಕಡಮೆ ಕೇಳಿದವನಿಗೆ, ಅವನು ಇಟ್ಟದ್ದು ಇನ್ನೂ ಹೆಚ್ಚು ಎಂದು ನೆನಪಿಸಿ ಪೂರ್ಣವಾಗಿ ಎಣಿಸಿ ಕೊಡುವವನೇ ವ್ರತಿ. ನಮ್ಮ ಅಚ್ಚಿನ ಕಾಗದಗಳೂ ಆ ಪರೀಕ್ಷೆಯಲ್ಲಿ ನಿಲ್ಲುವಂತಿರಲಿ.